ಕುದುರೆ ಕಂದು ಹಾಕಿದಾಗ ಮೊದಲು ತಾರೀಖು ಕೇಳಿ

(ಧಾರವಾಡದಲ್ಲಿ ಕುದುರೆ ಸಾಕುವವರು, ಕುರಿಗಾರರು ಮತ್ತು ಪಶುವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಪಶುವೈದ್ಯನಾಗಿ ನಾನು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭೆಯವರು ಕೇಳಿದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕುದುರೆ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದದ್ದು ಇದೇ ಮೊದಲು. ನಮ್ಮ ಕಡೆ ಜಾನುವಾರು ಸಭೆ ಅಂದರೆ ಎಮ್ಮೆ, ಆಕಳು, ಕುರಿ, ಅಷ್ಟೇ. ಕುದುರೆ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಆದರೆ ಹಿಂಗಾರಿ ಸುಗ್ಗಿ ಮುಗಿದ ಮೇಲೆ ನವಲಗುಂದ, ನರಗುಂದದ ಎರೆಹೊಲಗಳ ಕಡೆ ಹೋಗಿ ನೋಡಿ. ಕುರಿ ಹಿಂಡಿನ ಜೊತೆ ಪಾತ್ರೆ, ಹಾಸಿಗೆ, ಬಲೆ, ಜೋಳದ ಚೀಲ, ಬುಟ್ಟಿಯೊಳಗಿನ ಕೋಳಿ, ನಿನ್ನೆ ರಾತ್ರಿ ಹುಟ್ಟಿದ ಕುರಿಮರಿ, ಎಲ್ಲವನ್ನೂ ಹೊತ್ತು ನಡೆಯುವುದು ಒಂದು ಸಣ್ಣ ಕುದುರೆ. ಆ ಸಂಸಾರದ ಮನೆಯೇ ಅದರ ಬೆನ್ನ ಮೇಲಿರುತ್ತದೆ. ಹುಬ್ಬಳ್ಳಿಯಲ್ಲಿ ಟಾಂಗಾ ಹೊಡೆಯುತ್ತಿದ್ದವರ ಮಕ್ಕಳು ಇಲ್ಲಿ ಕುಳಿತಿದ್ದೀರಿ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರಿದ್ದೀರಿ. ಪ್ರೀತಿಯಿಂದ ಮಾರ್ವಾರಿ ತಳಿ ಸಾಕಿರುವ ಹುಡುಗರಿದ್ದೀರಿ. ಗದಗದ ಪಶುವೈದ್ಯಕೀಯ ಕಾಲೇಜಿನ ಮಕ್ಕಳೂ ಬಂದಿದ್ದೀರಿ. ಬಹಳ ಖುಷಿಯಾಯಿತು.

ಹೆಣ್ಣು ಕುದುರೆ ಮರಿ ಕಳೆದುಕೊಂಡರೆ ಮರಿಯ ಜೊತೆ ಒಂದು ವರ್ಷವೇ ಹೋಗುತ್ತದೆ. ಇವತ್ತು ಆ ನಷ್ಟ ಯಾಕೆ ಆಗುತ್ತದೆ ಅನ್ನುವುದಷ್ಟನ್ನೇ ಮಾತಾಡುತ್ತೇನೆ. ಅದಕ್ಕೆ ಮೊದಲು ನನ್ನ ಒಂದು ತಪ್ಪನ್ನು ಹೇಳಬೇಕು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಅಣ್ಣಿಗೇರಿ ಹತ್ತಿರ ಒಂದು ಹೊಲದಲ್ಲಿ ಕುರಿ ತರುಬಿದ್ದರು. ಬೆಳಗಿನ ಜಾವ ಒಂದು ಕುದುರೆ ಕಂದು ಹಾಕಿತ್ತು, ಅಂದರೆ ದಿನ ತುಂಬುವ ಮೊದಲೇ ಮರಿ ಹಾಕಿತ್ತು. ಎಂಟು ತಿಂಗಳಾಗಿತ್ತಂತೆ. ನಾನು ಹೋದಾಗ ಮಧ್ಯಾಹ್ನ. ಹಿರಿಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನು ತೋರಿಸಿ, “ಈ ಹುಡುಗ ಹೇರು ಜಾಸ್ತಿ ಹೇರ್ಯಾನ್ರಿ ಸಾಹೇಬ್ರ, ಅದಕ್ಕ ಕುದರಿ ಕಂದ ಹಾಕೇತಿ” ಅಂದರು. ಹುಡುಗ ತಲೆ ಎತ್ತಲಿಲ್ಲ. ಕುದುರೆಗೆ ಜ್ವರ ಇರಲಿಲ್ಲ. ಮೇವು ತಿನ್ನುತ್ತಿತ್ತು. ಸತ್ತ ಮರಿ ಎಲ್ಲಿ ಅಂತ ಕೇಳಿದೆ. “ನಾಯಿ ತಿಂದುವ್ರಿ.” ಮರಿಯ ಜೊತೆ ಬೀಳುವ ಕಸ (ಮಾಸು)? “ಹಳ್ಳಕ್ಕ ಒಗದ್ವಿ.” ನೋಡಲು ಏನೂ ಉಳಿದಿರಲಿಲ್ಲ. ಏನಾದರೂ ಹೇಳಬೇಕಲ್ಲ ಅಂತ, “ಹೌದು, ಭಾರ ಜಾಸ್ತಿ ಆಗಿರಬೇಕು” ಅಂದುಬಿಟ್ಟೆ.

ಮೂರು ವಾರದೊಳಗೆ ಅದೇ ಹಿಂಡಿನ ಇನ್ನೆರಡು ಕುದುರೆಗಳು ಕಂದು ಹಾಕಿದವು. ಅವೆರಡೂ ತುಂಬುಗಬ್ಬ ಅಂತ ಯಾರೂ ಹೇರನ್ನೇ ಹೇರಿರಲಿಲ್ಲ. ಒಂದಾದ ಮೇಲೊಂದು ಹೀಗಾದರೆ ಮೊದಲು ಅಂಟುರೋಗದ ಅನುಮಾನ ಪಡಬೇಕು. ಹೇರಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಅಷ್ಟರಲ್ಲಿ ಆ ಹುಡುಗನಿಗೆ ಏಟು ಬಿದ್ದಾಗಿತ್ತು. ಅವನನ್ನು ಸೋದರಮಾವನ ಊರಿಗೆ ಕಳಿಸಿದ್ದರು. ನಾನು ಆ ದಿನ ಸುಮ್ಮನಿದ್ದಿದ್ದರೆ ಸಾಕಿತ್ತು. ಮೊದಲನೇ ಕುದುರೆಯನ್ನು ಬೇರೆ ಕಟ್ಟಿ ಅಂದಿದ್ದರೆ ಇನ್ನೂ ಒಳ್ಳೆಯದಿತ್ತು. ಅವತ್ತಿನಿಂದ ಎಲ್ಲೇ ಹೋದರೂ ನಾನು ಮೊದಲು ಕೇಳುವುದು ಎರಡೇ ಮಾತು. ಗಂಡಿಗೆ ಬಿಟ್ಟ ತಾರೀಖು ಯಾವುದು? ಸತ್ತ ಮರಿ, ಕಸ ಎಲ್ಲಿ?

ತಾರೀಖು ಯಾಕೆ ಮುಖ್ಯ ಅಂದರೆ, ಕುದುರೆ ಯಾವ ತಿಂಗಳಲ್ಲಿ ಗಬ್ಬ ಕಳೆದುಕೊಂಡಿತು ಅನ್ನುವುದರಲ್ಲೇ ಕಾರಣದ ಅರ್ಧ ಸುಳಿವು ಇರುತ್ತದೆ. ಎಮ್ಮೆಗೆ ಹತ್ತು ತಿಂಗಳು, ಆಕಳಿಗೆ ಒಂಬತ್ತು, ಕುದುರೆಗೆ ಹನ್ನೊಂದು. ಸರಾಸರಿ 340 ದಿನ. ಆದರೆ 320ಕ್ಕೆ ಹಾಕಿದ ಮರಿ ಬದುಕಿದ್ದೂ ಉಂಟು, 360 ದಾಟಿ ಈಯ್ದದ್ದೂ ಉಂಟು. ಸುಮಾರು 300 ದಿನಕ್ಕಿಂತ ಮೊದಲು ಹೊರಗೆ ಬಂದರೆ ಕಂದು ಹಾಕಿತು ಅನ್ನುತ್ತೇವೆ. ಅಲ್ಲಿಂದ ಈಚೆ ಸತ್ತು ಹುಟ್ಟಿದರೆ ಸತ್ತ ಮರಿ ಹಾಕಿತು ಅನ್ನುತ್ತೇವೆ. ತೀರಾ ಮೊದಲಲ್ಲಿ, ನಲವತ್ತು ದಿನದೊಳಗೆ ಹೋದರೆ ಹೊರಗೆ ಏನೂ ಕಾಣುವುದಿಲ್ಲ. ರಕ್ತವಿಲ್ಲ, ನೋವಿಲ್ಲ. “ಗಬ್ಬ ನಿಂತಿರಲೇ ಇಲ್ಲ” ಅಂದುಕೊಂಡು ಮತ್ತೆ ಗಂಡಿಗೆ ಬಿಡುತ್ತೇವೆ.

ನಷ್ಟ ಜಾಸ್ತಿ ಆಗುವುದು ಈ ಮೊದಲ ನಲವತ್ತು ದಿನದಲ್ಲೇ. ಒಳ್ಳೆಯ ಆರೈಕೆ ಇರುವ ಫಾರ್ಮ್‌ಗಳಲ್ಲೂ ಸ್ಕ್ಯಾನಿಂಗ್‌ನಲ್ಲಿ ಗಬ್ಬ ಕಂಡ ನೂರು ಕುದುರೆಗಳಲ್ಲಿ ಐದರಿಂದ ಹತ್ತು ಈ ಹೊತ್ತಿನಲ್ಲಿ ಕಳೆದುಕೊಳ್ಳುತ್ತವೆ. ಅಂದರೆ ಒಂದು ಕುದುರೆ ಒಂದು ಸಲ ಕಳೆದುಕೊಂಡಿತು ಅಂತ ಅದರ ಮೇಲೆ, ಮನೆಯವರ ಮೇಲೆ, ದೃಷ್ಟಿ ಹಾಕಿದರು ಅಂತ ನೆರೆಯವರ ಮೇಲೆ ಸಿಟ್ಟಾಗಬೇಡಿ.

ಆ ಮೊದಲ ದಿನಗಳಲ್ಲಿ ಒಳಗೆ ಏನಾಗುತ್ತದೆ ಅಂತ ಹೇಳಲೇಬೇಕು. ಎಷ್ಟು ಸಲ ಓದಿದರೂ ನನಗೆ ಇದು ಬೆರಗೇ. ಕುದುರೆಯ ಗರ್ಭಕೋಶಕ್ಕೆ ಎರಡು ಕೊಂಬು. ಆರನೇ ದಿನದ ಹೊತ್ತಿಗೆ ಭ್ರೂಣ ಅದರೊಳಗೆ ಬಂದಿಳಿಯುತ್ತದೆ. ಆದರೆ ಒಂದೇ ಕಡೆ ಕೂರುವುದಿಲ್ಲ. ಹದಿನಾರನೇ ದಿನದವರೆಗೆ ಈ ಕೊಂಬಿನಿಂದ ಆ ಕೊಂಬಿಗೆ, ಆ ಕೊಂಬಿನಿಂದ ಈ ಕೊಂಬಿಗೆ ಉರುಳಾಡುತ್ತದೆ. ಊರಲ್ಲಿ ಡಂಗುರ ಸಾರುವವನು ಓಣಿ ಓಣಿ ತಿರುಗುತ್ತಾನಲ್ಲ, ಹಾಗೆ ಗರ್ಭಕೋಶದ ಮೂಲೆ ಮೂಲೆಗೂ ಹೋಗಿ ‘ನಾನು ಬಂದಿದ್ದೇನೆ’ ಅಂತ ಸಾರುತ್ತದೆ. ಆ ಸುದ್ದಿ ಮುಟ್ಟಿದರೆ ತಾಯಿ ಮತ್ತೆ ಬೆದೆಗೆ ಬರುವುದಿಲ್ಲ. ಮುಟ್ಟದಿದ್ದರೆ ಗಬ್ಬ ಹಿಡಿದಿಡುವ ಹಾರ್ಮೋನು ನಿಂತುಹೋಗುತ್ತದೆ. ಭ್ರೂಣವೂ ಹೋಗುತ್ತದೆ. ಗರ್ಭಕೋಶದಲ್ಲಿ ಕೀವು, ನೀರು, ಗಂಟು ಇದ್ದರೆ ಈ ತಿರುಗಾಟಕ್ಕೆ ಅಡ್ಡಿ.

ವಯಸ್ಸು ಒಂದು ದೊಡ್ಡ ಕಾರಣ. ಹದಿನೈದು ದಾಟಿದ ಕುದುರೆಯಲ್ಲಿ ನಷ್ಟ ಏರುತ್ತಾ ಹೋಗುತ್ತದೆ. ಅದರ ಅಂಡಗಳಿಗೂ ಅದರಷ್ಟೇ ವಯಸ್ಸು. ಗರ್ಭಕೋಶದ ಒಳಪದರವೂ ಹಲವು ಹೆರಿಗೆ ಕಂಡು ಗಟ್ಟಿಯಾಗಿರುತ್ತದೆ. ಇದಕ್ಕೆ ಟಾನಿಕ್ ಇಲ್ಲ. ಬಿಟ್ಟುಕೊಡಬೇಕು, ಅಷ್ಟೇ.

ಇನ್ನೊಂದು, ನಮ್ಮ ಅವಸರ. ಕುದುರೆ ಈಯ್ದ ಏಳರಿಂದ ಹತ್ತು ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಎಷ್ಟೋ ಜನ ಆಗಲೇ ಬಿಡುತ್ತಾರೆ. ಒಳಗಿನ ಗಾಯ ಮಾಗಿರುವುದಿಲ್ಲ, ಕೊಳೆ ಪೂರ್ತಿ ಹೊರಗೆ ಹೋಗಿರುವುದಿಲ್ಲ. ಕೆಲವಕ್ಕೆ ನಿಲ್ಲುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೆರಿಗೆ ಕಷ್ಟವಾಗಿದ್ದರೆ, ಕಸ ತಡವಾಗಿ ಬಿದ್ದಿದ್ದರೆ ದಯವಿಟ್ಟು ಆ ಬೆದೆ ಬಿಟ್ಟು ಮುಂದಿನದಕ್ಕೆ ಕಾಯಿರಿ. ಪಕ್ಕೆಲುಬು ಎಣಿಸುವಂತೆ ಬಡಕಲಾಗಿರುವ, ಮರಿಗೆ ಹಾಲನ್ನೂ ಕೊಡುವ ಕುದುರೆ ಹೊಸ ಗಬ್ಬವನ್ನು ಹಿಡಿದಿಡುವುದು ಕಷ್ಟ.

ಜೋರು ಜ್ವರ, ಕೆಟ್ಟ ಹೊಟ್ಟೆಶೂಲೆ, ಭೇದಿ ಬಂದರೂ ಮೊದಲ ಎರಡು ಮೂರು ತಿಂಗಳಲ್ಲಿ ಗಬ್ಬ ಹೋಗಬಹುದು. ಕರುಳಿನ ವಿಷ ರಕ್ತಕ್ಕೆ ಸೇರಿ ಅಂಡಾಶಯದ ಹಾರ್ಮೋನು ನಿಲ್ಲಿಸುತ್ತದೆ. ಹಾಗೆಯೇ ಬೆದೆಗೆ ಬರಿಸುವ ಇಂಜೆಕ್ಷನ್. ಗಬ್ಬ ಇದೆಯೇ ಇಲ್ಲವೇ ನೋಡದೆ ಅದನ್ನು ಕೊಟ್ಟರೆ ಇದ್ದ ಗಬ್ಬವೂ ಹೋಗುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದು ಚುಚ್ಚುವ ಮದ್ದು ಅದಲ್ಲ. ವಿದ್ಯಾರ್ಥಿಗಳಿಗೂ ಹೇಳುತ್ತೇನೆ, ಮಾಲೀಕರು ಎಷ್ಟೇ ಗಡಿಬಿಡಿ ಮಾಡಲಿ, ಮೊದಲು ಪರೀಕ್ಷೆ ಮಾಡಿ.

ಸುಮಾರು 36ನೇ ದಿನದ ಹೊತ್ತಿಗೆ ಇನ್ನೊಂದು ವಿಚಿತ್ರ ಶುರುವಾಗುತ್ತದೆ. ಭ್ರೂಣದ ಹೊದಿಕೆಯ ಕೆಲವು ಕಣಗಳು ತಾಯಿಯ ಗರ್ಭಕೋಶಕ್ಕೆ ಇಳಿದು ಸಣ್ಣ ಬಟ್ಟಲಿನಂಥ ಗಂಟುಗಳಾಗುತ್ತವೆ. ಅವು ನೂರು, ನೂರಿಪ್ಪತ್ತು ದಿನದವರೆಗೆ ಒಂದು ಹಾರ್ಮೋನು ಸುರಿಸುತ್ತಲೇ ಇರುತ್ತವೆ. ಈ ಬಟ್ಟಲುಗಳು ಹುಟ್ಟಿದ ಮೇಲೆ ಭ್ರೂಣ ಸತ್ತರೂ ಅವು ಮಾತ್ರ ಕೆಲಸ ಬಿಡುವುದಿಲ್ಲ. ಹಾಗಾಗಿ ಕುದುರೆ ತಿಂಗಳುಗಟ್ಟಲೆ ಸರಿಯಾಗಿ ಬೆದೆಗೆ ಬರುವುದಿಲ್ಲ. ಮಾಲೀಕರು ಗಬ್ಬ ಇದೆ ಅಂತ ನಂಬಿ ಕುಳಿತಿರುತ್ತಾರೆ. ಹನ್ನೊಂದು ತಿಂಗಳಾದರೂ ಹೊಟ್ಟೆ ಇಲ್ಲ, ಕೆಚ್ಚಲಿಲ್ಲ. ಅದಕ್ಕೇ ಸ್ಕ್ಯಾನಿಂಗ್ ಒಂದು ಸಲ ಮಾಡಿಸಿ ಬಿಟ್ಟರೆ ಸಾಲದು. ಹದಿನಾಲ್ಕನೇ ದಿನದ ಹೊತ್ತಿಗೊಂದು, ತಿಂಗಳಿಗೊಂದು, ನಲವತ್ತೈದು ದಿನಕ್ಕೊಂದು ಆದರೆ ಒಳ್ಳೆಯದು.

ಈಗ ಅವಳಿ. ಕುರಿ ಎರಡು ಮರಿ ಹಾಕಿದರೆ ನಮಗೆ ಹಬ್ಬ. ಅವಳಿ ಹಾಕಲಿ ಅಂತಲೇ ಫಲ್ಟಣದ ನಿಂಬಕರ್ ಸಂಸ್ಥೆಯವರು ನಾರಿ ಸುವರ್ಣ ಕುರಿ ತಯಾರು ಮಾಡಿದ್ದು. ಕುದುರೆಯಲ್ಲಿ ಹಾಗಲ್ಲ. ಅವಳಿ ಅಂದರೆ ಬಹಳ ಸಲ ಎರಡೂ ಹೋದಂತೆ. ಯಾಕೆ?

ಆಕಳ ಅಥವಾ ಕುರಿಯ ಕಸ ನೋಡಿದ್ದೀರಿ. ಅದರ ಮೇಲೆ ಗುಂಡಿ ಗುಂಡಿಯಾಗಿ ಇರುತ್ತದೆ, ಅಲ್ವಾ? ಆ ಗುಂಡಿ ಇರುವಲ್ಲಿ ಮಾತ್ರ ತಾಯಿಗೂ ಮರಿಗೂ ಕೊಡುಕೊಳ್ಳುವಿಕೆ. ಕುದುರೆಯ ಕಸದಲ್ಲಿ ಗುಂಡಿಗಳಿಲ್ಲ. ಮಖಮಲ್ ಬಟ್ಟೆಯ ಹಾಗೆ ಇಡೀ ಕಸವೇ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಒಂದು ಮರಿ ಬೆಳೆಯಲು ಅಷ್ಟೂ ಗೋಡೆ ಬೇಕು. ಎರಡು ಮರಿ ಇದ್ದರೆ ಗೋಡೆ ಪಾಲಾಗುತ್ತದೆ. ಎರಡು ಕಸ ಒಂದಕ್ಕೊಂದು ತಾಗಿದ ಜಾಗ ಇಬ್ಬರಿಗೂ ಉಪಯೋಗವಿಲ್ಲ. ಅಣ್ಣತಮ್ಮಂದಿರ ಹೊಲದ ಬದುವಿನ ಹಾಗೆ, ಅಲ್ಲಿ ಏನೂ ಬೆಳೆಯುವುದಿಲ್ಲ. ಒಂದು ಮರಿಗೆ ಜಾಸ್ತಿ ಜಾಗ, ಒಂದಕ್ಕೆ ಕಡಿಮೆ. ಏಳನೇ, ಎಂಟನೇ ತಿಂಗಳ ಹೊತ್ತಿಗೆ ಚಿಕ್ಕದು ಹಸಿದು ಸಾಯುತ್ತದೆ. ಅದರ ಬೆನ್ನಿಗೆ ಎರಡೂ ಹೊರಗೆ ಬರುತ್ತವೆ. ಕೆಲವು ಸಲ ಒಂದು ಎಂದೋ ಸತ್ತು ಒಣಗಿ ಕಪ್ಪಾಗಿರುತ್ತದೆ. ಹಾಕುವ ಮೊದಲೇ ಕೆಚ್ಚಲು ಇಳಿದಿರುತ್ತದೆ. “ಇಷ್ಟು ಬೇಗ ಹಾಲು ಇಳಿದಿದೆ” ಅಂತ ಮನೆಯವರು ಸಂತೋಷಪಡುತ್ತಾರೆ. ಕುದುರೆಯಲ್ಲಿ ಹೊತ್ತಿಗೆ ಮೊದಲೇ ಇಳಿದ ಕೆಚ್ಚಲು ಸಂತೋಷದ ಸುದ್ದಿಯಲ್ಲ. ಆ ದಿನವೇ ವೈದ್ಯರನ್ನು ಕರೆಯಬೇಕು.

ಕುದುರೆಗಳ ಗರ್ಭಪಾತಕ್ಕೆ ಒಂದು ಕಾಲದಲ್ಲಿ ರೇಸ್ ತಳಿಯ ಫಾರ್ಮ್‌ಗಳಲ್ಲಿ ಅವಳಿಯೇ ಮುಖ್ಯ ಕಾರಣವಾಗಿತ್ತು. 1980ರ ದಶಕದಲ್ಲಿ ಸ್ಕ್ಯಾನಿಂಗ್ ಬಂದ ಮೇಲೆ ಅದು ಬಹಳ ಇಳಿಯಿತು. ಹದಿನಾಲ್ಕರಿಂದ ಹದಿನಾರನೇ ದಿನದೊಳಗೆ ನೋಡಿದರೆ ಎರಡು ಗುಂಡನೆಯ ಕಪ್ಪು ಚುಕ್ಕೆ ಕಾಣುತ್ತವೆ. ಆಗ ಅವು ಇನ್ನೂ ಉರುಳಾಡುತ್ತಿರುತ್ತವೆ. ಕೈ ಪಳಗಿದ ವೈದ್ಯರು ಒಂದನ್ನು ಪಕ್ಕಕ್ಕೆ ಸರಿಸಿ ಒತ್ತಿ ಒಡೆಯುತ್ತಾರೆ. ಇನ್ನೊಂದು ಬಹುಮಟ್ಟಿಗೆ ಉಳಿಯುತ್ತದೆ. ಹದಿನಾರು ದಾಟಿ ಎರಡೂ ಒಂದೇ ಕಡೆ ಅಂಟಿ ಕುಳಿತರೆ ಬೇರ್ಪಡಿಸುವುದು ಕಷ್ಟ. ಎರಡು ದಿನದ ಅಂತರ, ಅಷ್ಟೇ. ತಾರೀಖು ಬರೆದಿಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೂ ಸೇರಿ.

ಏಳನೇ ತಿಂಗಳಿನಿಂದ ಮುಂದೆ ಅಂಟುರೋಗದ ಭಯ. ಹಸು, ಎಮ್ಮೆಯಲ್ಲಿ ಕಂದು ಹಾಕುವ ರೋಗ ಅಂದರೆ ನಮಗೆಲ್ಲ ಬ್ರುಸೆಲ್ಲಾ ನೆನಪಾಗುತ್ತದೆ. ಕುದುರೆಗೂ ಅದು ತಗಲುತ್ತದೆ, ಆದರೆ ಸಾಮಾನ್ಯವಾಗಿ ಹೆಗಲ ಮೇಲೆ ಕೀವು ಗಡ್ಡೆಯಾಗಿ ಕಾಣಿಸುತ್ತದೆ. ಅದರಿಂದ ಕುದುರೆ ಕಂದು ಹಾಕುವುದು ಅಪರೂಪ. ಕುದುರೆಯಲ್ಲಿ ಹೆದರಬೇಕಾದ್ದು ಹರ್ಪಿಸ್ ವೈರಸ್ 1. ಅಮೆರಿಕದ ಕೆಂಟಕಿಯಲ್ಲಿ 1930ರ ದಶಕದಲ್ಲೇ ಇದನ್ನು ಗುರುತಿಸಿದರು. ಎಳೆ ಕುದುರೆಗಳಲ್ಲಿ ಇದು ಬರೀ ನೆಗಡಿ, ಕೆಮ್ಮು. ಗಬ್ಬದ ಕುದುರೆಯಲ್ಲಿ ಕಸದ ರಕ್ತನಾಳ ಹಾಳು ಮಾಡುತ್ತದೆ. ಯಾವ ಮುನ್ಸೂಚನೆಯೂ ಇರುವುದಿಲ್ಲ. ನಿನ್ನೆ ಚೆನ್ನಾಗಿದ್ದ ಕುದುರೆ ಇವತ್ತು ಮರಿಯನ್ನು ಕಸದ ಸಮೇತ ಹಾಕಿಬಿಡುತ್ತದೆ. ಮರಿ ಕೊಳೆತಿರುವುದಿಲ್ಲ, ತಾಜಾ ಇರುತ್ತದೆ. ಆ ಮರಿ, ಕಸ, ನೀರು ಎಲ್ಲದರಲ್ಲೂ ವೈರಸ್ ತುಂಬಿರುತ್ತದೆ. ಪಕ್ಕದ ಕುದುರೆ ಮೂಸಿದರೆ ಸಾಕು. ಅಣ್ಣಿಗೇರಿಯಲ್ಲಿ ಮರಿಯೋ ಕಸವೋ ಉಳಿದಿದ್ದರೆ ಮೊದಲು ಇದಕ್ಕೇ ಪರೀಕ್ಷೆ ಮಾಡಿಸಬೇಕಿತ್ತು. ಒಮ್ಮೆ ಬಂದ ವೈರಸ್ ಮೈಯೊಳಗೆ ಅಡಗಿ ಕೂರುತ್ತದೆ. ದೂರದ ಪ್ರಯಾಣ, ಹೊಸ ಹಿಂಡು, ಕಾಯಿಲೆ, ಇಂಥ ದಣಿವಿನಲ್ಲಿ ಮತ್ತೆ ಎದ್ದುಬರುತ್ತದೆ. ಲಸಿಕೆ ಇದೆ. ಗಬ್ಬದ 5, 7, 9ನೇ ತಿಂಗಳಲ್ಲಿ ಹಾಕುತ್ತಾರೆ. ಅದು ಪೂರ್ತಿ ತಡೆಯುತ್ತದೆ ಅಂತ ಭರವಸೆ ಕೊಡಲಾರೆ, ಆದರೆ ಹಿಂಡಿಗೆ ಹಿಂಡೇ ಕಂದು ಹಾಕುವುದು ಕಡಿಮೆಯಾಗುತ್ತದೆ. ಸಮಾಧಾನದ ಮಾತೂ ಒಂದಿದೆ. ಈ ರೋಗದಿಂದ ಕಂದು ಹಾಕಿದ ಕುದುರೆಯ ಗರ್ಭಕೋಶಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಮುಂದಿನ ಸಲ ಚೆನ್ನಾಗಿ ಗಬ್ಬ ನಿಲ್ಲುತ್ತದೆ.

ಭಾರತದಲ್ಲಿ ಇನ್ನೊಂದು ಹೆಸರನ್ನೂ ನೆನಪಿಡಬೇಕು. ಸಾಲ್ಮೊನೆಲ್ಲಾ ಅಬಾರ್ಟಸ್ ಇಕ್ವಿ ಅನ್ನುವ ಬ್ಯಾಕ್ಟೀರಿಯಾ. ಬೇರೆ ಎಷ್ಟೋ ದೇಶಗಳಲ್ಲಿ ಇದು ಅಪರೂಪವಾಗಿದೆ, ನಮ್ಮಲ್ಲಿ ಇನ್ನೂ ಇದೆ. ಕಂದು ಬಿದ್ದ ಜಾಗದ ಹುಲ್ಲು, ನೀರಿನಿಂದ ಹರಡುತ್ತದೆ. ಸರ್ರಾ ರೋಗವೂ ಹಾಗೆಯೇ ನಮ್ಮದೇ ಸಮಸ್ಯೆ. ರಕ್ತ ಹೀರುವ ದೊಡ್ಡ ನೊಣ ಕಚ್ಚಿ ಹರಡುತ್ತದೆ. ಜ್ವರ ಬಂದು ಬಂದು ಹೋಗುತ್ತದೆ, ಕಾಲು ಮತ್ತು ಹೊಟ್ಟೆಯ ಕೆಳಗೆ ಬಾವು, ತಿಂದರೂ ಬಡಕಲು. ಅಂಥ ಕುದುರೆ ಕಂದು ಹಾಕಿದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮೈಗೆ ಅಂಟುವ ಉಣ್ಣೆ ಹುಳದಿಂದ ಬರುವ ರಕ್ತರೋಗ, ಇಲಿ ಹೆಗ್ಗಣದ ಉಚ್ಚೆ ಸೇರಿದ ನಿಂತ ನೀರಿನಿಂದ ಬರುವ ಲೆಪ್ಟೊ, ಇವೂ ಪಟ್ಟಿಯಲ್ಲಿವೆ.

ಹೊರಗಿನಿಂದ ನಿಧಾನವಾಗಿ ಏರುವ ಸೋಂಕು ಬೇರೆ. ಕೆಲವು ಕುದುರೆಗಳ ಯೋನಿಯ ತುಟಿಗಳು ನೆಟ್ಟಗೆ ಇರುವುದಿಲ್ಲ. ವಯಸ್ಸಾಗಿ, ಬಡಕಲಾಗಿ ಒಳಕ್ಕೆ ವಾಲಿರುತ್ತವೆ. ಗುದದ್ವಾರ ಒಳಗೆ ಸರಿದಿರುತ್ತದೆ. ಲದ್ದಿ ನೇರ ಅದರ ಮೇಲೆ ಬೀಳುತ್ತದೆ. ನಡೆಯುವಾಗ ಗಾಳಿ ಎಳೆದುಕೊಳ್ಳುವ ಸದ್ದು ಕೇಳುತ್ತದೆ. ಆ ಗಾಳಿಯ ಜೊತೆ ಕೊಳೆ ಒಳಗೆ ಹೋಗಿ ಗರ್ಭಕೋಶದ ಬಾಯಿಯ ಮೂಲಕ ಕಸಕ್ಕೆ ಸೋಂಕು ಹತ್ತುತ್ತದೆ. ಲಕ್ಷಣ ಎರಡು. ಬಿಳಿ ಸೋರುವಿಕೆ, ಹೊತ್ತಿಗೆ ಮೊದಲೇ ಇಳಿದ ಕೆಚ್ಚಲು. ಬೇಗ ಗೊತ್ತಾದರೆ ಔಷಧಿಯಿಂದ ಎಷ್ಟೋ ಮರಿ ಉಳಿಯುತ್ತವೆ. ತಡೆಯುವ ದಾರಿಯೂ ಇದೆ. ಕ್ಯಾಸ್ಲಿಕ್ ಅನ್ನುವ ಅಮೆರಿಕದ ಪಶುವೈದ್ಯರು 1937ರಲ್ಲಿ ತುಟಿಗಳ ಮೇಲಿನ ಭಾಗ ಹೊಲಿಯುವ ಒಂದು ಸಣ್ಣ ಶಸ್ತ್ರಚಿಕಿತ್ಸೆ ಹೇಳಿಕೊಟ್ಟರು. ಇವತ್ತಿಗೂ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಈಯುವ ಕೆಲವು ದಿನ ಮೊದಲು ಆ ಹೊಲಿಗೆ ಬಿಚ್ಚಲೇಬೇಕು. ಮರೆತರೆ ಹೆರುವಾಗ ಹರಿದು ದೊಡ್ಡ ಗಾಯವಾಗುತ್ತದೆ.

ಕರುಳಬಳ್ಳಿ ಅತಿಯಾಗಿ ಉದ್ದವಿದ್ದು ಹಗ್ಗದ ಹಾಗೆ ಹುರಿಗೊಂಡು ಮರಿಗೆ ರಕ್ತ ನಿಲ್ಲುವುದುಂಟು. ಅದನ್ನು ಯಾರೂ ತಡೆಯಲಾರರು. ಯಾರ ತಪ್ಪೂ ಅಲ್ಲ. ಅದನ್ನು ಗೊತ್ತುಮಾಡಿಕೊಳ್ಳಬೇಕಾದರೂ ಬಳ್ಳಿ ಕಣ್ಣ ಮುಂದೆ ಇರಬೇಕು.

ಮೇವಿನ ವಿಷಯಕ್ಕೆ ಬರುತ್ತೇನೆ. ನಮ್ಮದು ಜೋಳದ ನಾಡು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದು ದನ ಸತ್ತದ್ದು ನಿಮಗೆಲ್ಲ ಗೊತ್ತು. ಅದು ಸಯನೈಡ್ ವಿಷ, ತಕ್ಷಣ ಕೊಲ್ಲುತ್ತದೆ. ಕುದುರೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಹಸಿ ಜೋಳದ ಮೇವನ್ನೇ ವಾರಗಟ್ಟಲೆ ಮೇಯ್ದರೆ ಸ್ವಲ್ಪ ಸ್ವಲ್ಪವೇ ಸೇರಿದ ವಿಷ ಬೆನ್ನಹುರಿಯ ನರ ಹಾಳು ಮಾಡುತ್ತದೆ. ಹಿಂಗಾಲು ತೂರಾಡುತ್ತವೆ. ಉಚ್ಚೆ ತಡೆಯಲಾಗದೆ ಸೋರಿ ತೊಡೆಯ ಕೂದಲು ಉದುರುತ್ತದೆ. ಗಬ್ಬದ ಕುದುರೆ ಕಂದು ಹಾಕಬಹುದು, ಇಲ್ಲವೇ ಕೀಲು ಮಡಿಸಲಾಗದ ಮರಿ ಹುಟ್ಟಬಹುದು. ಅಮೆರಿಕದ ನೈಋತ್ಯ ಭಾಗದಲ್ಲಿ ಸುಡಾನ್ ಹುಲ್ಲು ಮೇಯಿಸಿದವರು ಇದನ್ನು ಕಂಡರು. ಸುಡಾನ್ ಹುಲ್ಲು ಜೋಳದ ಸೋದರಿ. ಚೆನ್ನಾಗಿ ಒಣಗಿದ ಕಣಿಕೆಗೆ ಈ ಭಯ ಇಲ್ಲ. ಗಬ್ಬದ ಕುದುರೆಯನ್ನು ಹಸಿ ಜೋಳದ ಹೊಲದಲ್ಲಿ ಕಟ್ಟಬೇಡಿ, ಇಷ್ಟೇ ನನ್ನ ಬೇಡಿಕೆ. ಬೂಸ್ಟು ಹಿಡಿದ ಕಾಳು, ಮೇವನ್ನೂ ಹಾಕಬೇಡಿ. ಎಮ್ಮೆ ಅರಗಿಸಿಕೊಂಡದ್ದನ್ನು ಕುದುರೆ ಅರಗಿಸಿಕೊಳ್ಳುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕತೆ ಹೇಳಿಯೇ ತೀರಬೇಕು. 2001ರ ವಸಂತ. ಅದೇ ಕೆಂಟಕಿ. ಲೋಕದ ಬೆಲೆಬಾಳುವ ರೇಸ್ ಕುದುರೆಗಳ ತವರು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಒಮ್ಮೆಲೇ ಕುದುರೆಗಳು ಕಂದು ಹಾಕತೊಡಗಿದವು. ಎರಡು ಮೂರು ತಿಂಗಳ ಗಬ್ಬವೂ ಹೋಯಿತು, ಹತ್ತು ತಿಂಗಳದ್ದೂ ಹೋಯಿತು. ಎರಡು ಸಾವಿರಕ್ಕೂ ಹೆಚ್ಚು ಮರಿಗಳು. ಎಲ್ಲ ಲಸಿಕೆ ಹಾಕಿಸಿದ, ದಿನಾ ವೈದ್ಯರು ನೋಡುವ ಕುದುರೆಗಳು ಅವು. ಹುಲ್ಲಿನ ವಿಷವೇ? ಬೂಸ್ಟೇ? ಆ ವರ್ಷ ಕಾಡುಚೆರ್ರಿ ಮರಗಳ ತುಂಬ ಕಂಬಳಿಹುಳ ಕವಿದಿದ್ದವು. ಚೆರ್ರಿ ಎಲೆಯಲ್ಲಿ ಸಯನೈಡ್ ಇದೆ, ಅದೇ ಇರಬಹುದು ಅಂದರು. ಅದೂ ಅಲ್ಲ. ಕೊನೆಗೆ ಹುಳವನ್ನೇ ಮೇವಿನಲ್ಲಿ ಬೆರೆಸಿ ತಿನ್ನಿಸಿ ನೋಡಿದರು. ಕುದುರೆಗಳು ಕಂದು ಹಾಕಿದವು. ಹುಳದ ಒಳಗಿನ ಭಾಗ ಕೊಟ್ಟರೆ ಏನೂ ಆಗಲಿಲ್ಲ. ಮೇಲಿನ ಚರ್ಮ ಕೊಟ್ಟರೆ ಆಯಿತು. ಹುಲ್ಲಿನ ಜೊತೆ ಹೊಟ್ಟೆ ಸೇರಿದ ಹುಳದ ಮುಳ್ಳುಗೂದಲು ಕರುಳಿಗೆ ಚುಚ್ಚಿ, ಅಲ್ಲಿನ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ದಾಟಿಸಿ, ಅದು ಮರಿಯವರೆಗೆ ಹೋಗುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪಿರುವ ವಿವರಣೆ. ಆಸ್ಟ್ರೇಲಿಯದಲ್ಲೂ ಸಾಲು ಕಟ್ಟಿ ಹೋಗುವ ಇನ್ನೊಂದು ಜಾತಿಯ ಕಂಬಳಿಹುಳದಿಂದ ಹೀಗೆಯೇ ಆಯಿತು.

ಕೆಂಟಕಿಯ ಹುಳ ನಮ್ಮಲ್ಲಿಲ್ಲ. ಶೇಂಗಾ ಹೊಲಕ್ಕೆ ಬರುವ ನಮ್ಮ ಕೆಂಪು ಕಂಬಳಿಹುಳದಿಂದ ಕುದುರೆ ಕಂದು ಹಾಕುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೂ ಹುಳ ಕವಿದ ಹೊಲಕ್ಕೆ ಗಬ್ಬದ ಕುದುರೆ ಬಿಡಬೇಡಿ. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಬೇರೆ. ಅವರು ಸತ್ತ ನೂರಾರು ಮರಿಗಳನ್ನು ಪ್ರಯೋಗಾಲಯಕ್ಕೆ ಒಯ್ದರು. ಅವುಗಳ ತಾರೀಖೂ ಬರೆದಿಟ್ಟರು. ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಅದು ಹುಳ ಬಂದ ದಿನಗಳಿಗೆ ಹೊಂದಿದ್ದು.

ಹಾಗಾದರೆ ಕಂದು ಬಿದ್ದ ರಾತ್ರಿ ಏನು ಮಾಡಬೇಕು? ಆ ಕುದುರೆಯನ್ನು ಬೇರೆ ಕಟ್ಟಿ. ಉಳಿದ ಗಬ್ಬದ ಕುದುರೆಗಳನ್ನು ಆ ಜಾಗದಿಂದ ದೂರ ಒಯ್ಯಿರಿ. ಮರಿ, ಕಸ ಎರಡನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಳ್ಳಿ. ಲೆಪ್ಟೊ, ಬ್ರುಸೆಲ್ಲಾ ಮನುಷ್ಯರಿಗೂ ಬರುತ್ತವೆ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಅವಳು ಹತ್ತಿರ ಬರುವುದೇ ಬೇಡ. ಎರಡನ್ನೂ ಚೀಲಕ್ಕೆ ಹಾಕಿ, ಸಾಧ್ಯವಾದರೆ ಐಸ್ ಇಟ್ಟು, ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿಂದ ಪ್ರಯೋಗಾಲಯಕ್ಕೆ ಹೋಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿ 1985ರಿಂದ ಕುದುರೆಗಳಿಗೆಂದೇ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ವೈದ್ಯರ ಮೂಲಕ ಅಲ್ಲಿಗೂ ಕಳಿಸಬಹುದು. ನೋಡಿಯಾದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ನಮ್ಮಲ್ಲಿ ಕಸವನ್ನು ಕಟ್ಟಿ ಆಲದ ಮರಕ್ಕೆ ನೇತುಹಾಕುವ ರೂಢಿ ಇದೆ, ಹಾಲು ಜಾಸ್ತಿ ಬರಲಿ ಅಂತ. ಹಿರಿಯರ ನಂಬಿಕೆ ಬಗ್ಗೆ ನನಗೆ ಗೌರವವಿದೆ. ಕಂದು ಹಾಕಿದ ಕಸವನ್ನು ಮಾತ್ರ ದಯವಿಟ್ಟು ನೇತುಹಾಕಬೇಡಿ. ಕಾಗೆ, ನಾಯಿ ಅದನ್ನು ಊರೆಲ್ಲ ಹರಡುತ್ತವೆ.

ಇನ್ನು ಕಸ ಬೀಳದಿದ್ದರೆ. ಆಕಳಿಗೆ ಮರುದಿನದವರೆಗೆ ಕಾಯುತ್ತೀರಿ. ಕುದುರೆಗೆ ಮೂರು ತಾಸು ದಾಟಿದರೆ ವೈದ್ಯರು ಬರಲೇಬೇಕು. ತಡವಾದರೆ ನಂಜೇರಿ ಗೊರಸಿನೊಳಗೆ ಉರಿ ಬಂದು ಕುದುರೆ ನಿಲ್ಲಲಾರದಂತಾಗುತ್ತದೆ, ಸತ್ತೂಹೋಗಬಹುದು. ಜಗ್ಗಬೇಡಿ. ಕಲ್ಲು ಕಟ್ಟಬೇಡಿ. ಬಿದ್ದ ಮೇಲೆ ನೆಲದ ಮೇಲೆ ಬಿಡಿಸಿ ನೋಡಿ. ಪ್ಯಾಂಟಿನ ಹಾಗೆ ಎರಡು ಕಾಲು ಕಾಣಬೇಕು. ಒಂದು ಕಾಲಿನ ತುದಿ ಹರಿದು ಇಲ್ಲವಾಗಿದ್ದರೆ ಆ ತುಂಡು ಇನ್ನೂ ಒಳಗಿದೆ ಅಂತ ಅರ್ಥ.

ಇಲ್ಲಿಗೆ ನನ್ನ ಮಾತು. ಪ್ರಶ್ನೆಗಳಿಗೆ ಬರೋಣ.

ಹುಬ್ಬಳ್ಳಿಯ ಒಬ್ಬ ಯುವಕ ಗಬ್ಬದ ಕುದುರೆ ಮೇಲೆ ಸವಾರಿ ಮಾಡಬಹುದೇ ಅಂತ ಕೇಳಿದರು. ದಿನಾ ಕೆಲಸ ಮಾಡುವ ಕುದುರೆಯನ್ನು ಗಬ್ಬ ಅಂತ ಒಮ್ಮೆಲೇ ಕಟ್ಟಿಹಾಕುವುದು ಬೇಡ. ಹಗುರ ಕೆಲಸ, ನಡಿಗೆ ಒಳ್ಳೆಯದೇ. ಹೊಟ್ಟೆ ದೊಡ್ಡದಾದಂತೆ ಕಡಿಮೆ ಮಾಡುತ್ತಾ ಬನ್ನಿ, ಕೊನೆಯ ಮೂರು ತಿಂಗಳು ಸವಾರಿ, ಹೇರು ಎರಡೂ ಬಿಡಿ. ಬಿಸಿಲಲ್ಲಿ ದಣಿಸಬೇಡಿ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಣ್ಣುಮಗಳು ಎದ್ದು ನಿಂತರು. ಕುರಿಗಾರರ ಮನೆಯವರು. “ಡಾಕ್ಟ್ರ, ನಮ್ಮ ಕುದರಿ ಕಂದ ಹಾಕೇತ್ರಿ. ನಮ್ಮ ಮನ್ಯಾಗ ಮಾರೂಣು ಅನ್ನಾಕತ್ತಾರ. ಇಟ್ಕೊಬೇಕೋ ಮಾರಬೇಕೋ?”

ಯಾವಾಗ ಗಂಡಿಗೆ ಬಿಟ್ಟಿರಿ ಅವ್ವಾ ಅಂತ ಕೇಳಿದೆ. ತಾರೀಖು ಬರೆದಿಲ್ಲ ಅಂದರು. ಸ್ವಲ್ಪ ಯೋಚಿಸಿ, “ಯುಗಾದಿ ಅಮಾಸಿಗೆ ಬಿಟ್ಟಿದ್ವಿ. ದೀಪಾವಳಿ ಅಮಾಸಿ ಆಗಿ ಎಂಟ ದಿನಕ್ಕ ಹಾಕ್ತು” ಅಂದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಏಳು ತಿಂಗಳು, ಮೇಲೆ ಎಂಟು ದಿನ. ಅಲ್ಲಿಗೆ ಸುಮಾರು 215 ದಿನ. ನಾನು ಬೆರಳು ಮಡಿಸುವ ಮೊದಲೇ ವಿದ್ಯಾರ್ಥಿನಿಯೊಬ್ಬಳು ಲೆಕ್ಕ ಹೇಳಿದಳು. ಮರಿ ನೋಡಿದಿರಾ ಅಂತ ಕೇಳಿದೆ.

“ನೋಡೇನ್ರಿ. ಎರಡ ಇದ್ವು. ಒಂದ ಛಲೋ ಇತ್ತು, ಇನ್ನೊಂದ ಸಣ್ಣದು, ಕರ್ರಗ, ಒಣಗಿದಂಗ ಇತ್ತು.”

ಆ ಕುದುರೆಗೆ ವಯಸ್ಸು ಏಳು. ಹಿಂಡಿನ ಬೇರೆ ಯಾವ ಕುದುರೆಯೂ ಕಂದು ಹಾಕಿಲ್ಲ. ಅದು ಅವಳಿಯಿಂದಲೇ ಆದದ್ದು. ಕುದುರೆಗೆ ಯಾವ ದೋಷವೂ ಇಲ್ಲ, ಮಾರಬೇಡ್ರಿ ಅಂದೆ. ಮುಂದಿನ ಸಲ ಬಿಟ್ಟ ಹದಿನಾಲ್ಕು ಹದಿನೈದು ದಿನಕ್ಕೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಬನ್ನಿ, ಎರಡಿದ್ದರೆ ಅಲ್ಲೇ ಗೊತ್ತಾಗುತ್ತದೆ ಅಂದೆ.

ಅವರು ಒಂದು ಕ್ಷಣ ನಿಂತೇ ಲೆಕ್ಕ ಹಾಕಿದರು. “ಹುಣ್ಣಿವಿಗೆ ಬಿಟ್ಟರ ಅಮಾಸಿಗೆ ತೋರಸಬೇಕು. ಹೌದಲ್ರೀ?”

ಹೌದು ಅವ್ವಾ, ಅಷ್ಟೇ.